ಬೆನ್ನಿಗೆ ಕ್ಲಿಪ್ಪು, ಜೇಬಿನಲ್ಲಿ ಮೆಣಸಿನಕಾಯಿ

ನಾನು ಒಂದು ಕಪ್ಪು ಕೋಟು. ಹುಬ್ಬಳ್ಳಿಯ ದರ್ಜಿಯೊಬ್ಬರು ನನ್ನನ್ನು ದಪ್ಪನೆಯ ಮದುಮಗನೊಬ್ಬನ ಅಳತೆಗೆ ಹೊಲಿದರು. ಆರತಕ್ಷತೆಯ ಸಂಜೆ ಅವನು ಊಟಕ್ಕೆ ಕೂತಾಗ ನನ್ನ ನಡುವಿನ ಗುಂಡಿ ಹಾರಿಹೋದೀತೆಂದು ಉಸಿರು ಬಿಗಿಹಿಡಿದಿದ್ದೆ. ಹಾರಲಿಲ್ಲ. ಆದರೆ ಆ ಭಯ ನನ್ನ ಅಸ್ತರಿನೊಳಗೆ ಉಳಿದುಬಿಟ್ಟಿತು. ಇಂದಿಗೂ ಯಾರಾದರೂ ನನ್ನನ್ನು ತೊಟ್ಟರೆ ಮೊದಲು ಗುಂಡಿಯ ನೆನಪಾಗುತ್ತದೆ.

ಮದುಮಗ ಇನ್ನೂ ದಪ್ಪಗಾದ. ಮದುವೆಯ ಫೋಟೊ ತೆಗೆದಿದ್ದ ಗುರುಪಾದಪ್ಪನವರು ನನ್ನನ್ನು ಕೇಳಿ ಪಡೆದು, ಬ್ಯಾಡಗಿಯ ತಮ್ಮ ಸ್ಟುಡಿಯೋದಲ್ಲಿ ಮೊಳೆಗೆ ತೂಗುಹಾಕಿದರು. ಅಲ್ಲಿಂದ ನಾನು ಊರಿಗೆಲ್ಲ ಸೇರಿದವನಾದೆ. ನೌಕರಿಗೆ ಅರ್ಜಿ ಹಾಕುವವರು, ಹೆಣ್ಣು ನೋಡಲು ಹೊರಟವರು, ಎಲ್ಲರೂ ಪಾಸ್‌ಪೋರ್ಟ್ ಫೋಟೊಕ್ಕೆ ನನ್ನನ್ನೇ ತೊಟ್ಟರು. ಕೆಳಗೆ ಲುಂಗಿ, ಮೇಲೆ ನಾನು. ಎಲ್ಲರಿಗೂ ನನ್ನ ಅಳತೆ ದೊಡ್ಡದೇ. ಹಾಗಾಗಿ ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಗುರುಪಾದಪ್ಪ ನನ್ನ ಬೆನ್ನನ್ನು ಹಿಡಿದು ಬಿಗಿಯುತ್ತಿದ್ದರು. ಮುಂದಿನಿಂದ ಸಾಹೇಬ, ಹಿಂದಿನಿಂದ ಒಣಗಲು ಹಾಕಿದ ಬಟ್ಟೆ! ಊರಿನ ಎಷ್ಟೋ ಅರ್ಜಿಗಳ ಮೂಲೆಯಲ್ಲಿ ನನ್ನ ಎದೆಯಿದೆ. ಬೆನ್ನು ಮಾತ್ರ ಯಾವ ಫೋಟೊದಲ್ಲೂ ಇಲ್ಲ.

ಒಂದು ಮಧ್ಯಾಹ್ನ ನೀಲಗಂಗಾ ಬಂದಳು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಬಸಲಿಂಗವ್ವನ ಮಗಳು. ಸಾರ್ವಜನಿಕ ಆರೋಗ್ಯ ಓದಲು ಹಾಲೆಂಡಿನ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಿದ್ದಳು. ಓದು, ಊಟ, ವಿಮಾನ, ಎಲ್ಲ ಖರ್ಚೂ ಅವರದೇ. ಹಿಂದಿನ ವರ್ಷ ಬೇರೊಂದು ದೇಶದವರು ಸೀಟು ಮಾತ್ರ ಕೊಟ್ಟಿದ್ದರು. ಖರ್ಚಿಗೆ ದಾರಿಯಿಲ್ಲದೆ ಅದನ್ನು ಬಿಟ್ಟಿದ್ದಳು. ಈಗ ಉಳಿದಿದ್ದು ಕಂಪ್ಯೂಟರಿನಲ್ಲಿ ನಡೆಯುವ ಸಂದರ್ಶನ ಒಂದೇ.

"ಕಾಕಾ, ನಾಳೆ ನಿಮ್ಮ ಕಂಪ್ಯೂಟರಿನ್ಯಾಗs ಸಂದರ್ಶನ. ರೂಢಿ ಆಗ್ಲಿ ಅಂತ ಇದನ್ನ ಒಂದಿನ ಮನಿಗೆ ಒಯ್ಯಲೇನ್ರಿ?"

"ಒಯ್ಯವ್ವಾ. ಆದರ ಅವರ ಮುಂದ ಎದ್ದು ತಿರುಗಬ್ಯಾಡ. ಕ್ಲಿಪ್ಪು ಕಂಡ್ರ ನಿನ್ನ ದಾರದ ಮ್ಯಾಲೆ ಒಣಹಾಕ್ತಾರ!"

ಅವರ ಮನೆಯಲ್ಲಿ ಬಸಲಿಂಗವ್ವ ನನ್ನನ್ನು ಕೂಸಿನಂತೆ ಎತ್ತಿಕೊಂಡಳು. ಕೆಮ್ಮುತ್ತಲೇ ಮೈದಡವಿ ಧೂಳು ಕೊಡವಿದಳು. ಆಮೇಲೆ ನನ್ನ ಎರಡೂ ಜೇಬುಗಳಿಗೆ ಒಂದಿಷ್ಟು ಒಣಮೆಣಸಿನಕಾಯಿ ತುಂಬಿದಳು. ಬೇಳೆ, ಅಕ್ಕಿಗೆ ಹುಳ ಬೀಳದಂತೆ ಆ ಮನೆಯಲ್ಲಿ ಮಾಡುವುದೇ ಹಾಗೆ. ಸಾಹೇಬರ ಕೋಟಿಗೆ ನುಸಿ ಹತ್ತಬಾರದಲ್ಲ! ನನಗೋ ಗಾಬರಿ. ಆದರೆ ಕೋಟಿನ ಮಾತು ಯಾರಿಗೆ ಕೇಳುತ್ತದೆ?

ಮರುದಿನ ಸ್ಟುಡಿಯೋದ ನೀಲಿ ಪರದೆಯ ಮುಂದೆ ನೀಲಗಂಗಾ ಕುಳಿತಳು. ಬಾಗಿಲ ಬಳಿ ತಾಯಿ ನಿಂತಿದ್ದಳು. ಎದುರಿನ ಕಂಪ್ಯೂಟರಿನಲ್ಲಿ ಮೂರು ಮುಖಗಳು. ಈ ವಿಷಯವನ್ನೇ ಯಾಕೆ ಆರಿಸಿಕೊಂಡೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಬಾಯಿಪಾಠ ಮಾಡಿದ್ದ ಉತ್ತರವನ್ನು ಅವಳು ಶುರುಮಾಡಿದಳು. ಹೆದರಿದ ಕೈಗಳು ನನ್ನ ಜೇಬಿನೊಳಗೆ ಹೋದವು. ಸಿಕ್ಕಿದ್ದನ್ನು ಹಿಸುಕಿದವು. ಬೆವರು ಒರೆಸಲು ಅದೇ ಕೈ ಮೂಗಿನ ಹತ್ತಿರ ಹೋಯಿತು.

ಅಕ್ಷೀ! ಮೊದಲ ಸೀನಿಗೆ ಕ್ಲಿಪ್ಪೊಂದು ಹಾರಿತು. ಎರಡನೆಯದಕ್ಕೆ ಬಾಯಿಪಾಠ ಹಾರಿತು. ಕಣ್ಣಲ್ಲಿ ಧಾರಾಕಾರ ನೀರು. ಮುಗಿಯಿತು ಎಂದುಕೊಂಡೆ. ಬಾಗಿಲಲ್ಲಿ ಬಸಲಿಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಹುಷಾರಾಗಿದ್ದೀಯಾ, ನಿಲ್ಲಿಸೋಣವೇ ಎಂದು ಕಂಪ್ಯೂಟರಿನಲ್ಲಿದ್ದ ಮೂವರಲ್ಲಿ ನಡುವಿನ ಹೆಂಗಸು ಕೇಳಿದಳು.

ನೀಲಗಂಗಾ ಜೇಬಿಗೆ ಕೈಹಾಕಿ ಮುರಿದ ಮೆಣಸಿನಕಾಯಿಯೊಂದನ್ನು ತೆಗೆದು ಕ್ಯಾಮೆರಾಕ್ಕೆ ಹಿಡಿದಳು. ಆಮೇಲೆ ಅವಳ ಇಂಗ್ಲಿಷಿಗೆ ತಡೆಯೇ ಇರಲಿಲ್ಲ. ಇಷ್ಟು ಪುಡಿಗೇ ತನಗೆ ಹೀಗಾಯಿತು. ತನ್ನ ತಾಯಿ ಮತ್ತು ಅವಳ ಜೊತೆಯವರು ದಿನವಿಡೀ ಇದರ ರಾಶಿಯಲ್ಲೇ ಕೂರುತ್ತಾರೆ ಎಂದಳು. ಅವರ ಕೆಮ್ಮನ್ನು ಯಾರೂ ಕಾಯಿಲೆ ಎನ್ನುವುದಿಲ್ಲ, ಕೆಲಸದ ಒಂದು ಭಾಗ ಎನ್ನುತ್ತಾರೆ. ಅದನ್ನು ಅಳೆಯುವುದನ್ನೂ ತಡೆಯುವುದನ್ನೂ ಕಲಿಯಬೇಕು ಎಂದಳು. ನಡುವೆ ಸೀನಿದಳು, ಮೂಗು ಒರೆಸಿಕೊಂಡಳು, ಮತ್ತೆ ಹೇಳಿದಳು. ಕಂಪ್ಯೂಟರಿನ ಮುಖಗಳು ಬರೆದುಕೊಳ್ಳುವುದನ್ನು ಬಿಟ್ಟು ಕೇಳತೊಡಗಿದವು.

ಕರೆ ಮುಗಿದ ಮೇಲೆ ಬಸಲಿಂಗವ್ವ ಅತ್ತಳು. "ನಾನs ಕೆಡಿಸಿದೆ ನೋಡವ್ವಾ."

"ಸುಮ್ನಿರು ಯವ್ವಾ. ಏನ ಹೇಳಬೇಕಿತ್ತೋ ಅದನ್ನs ಹೇಳೇನಿ."

ಒಂದು ದಿನ ನೀಲಗಂಗಾ ಸ್ಟುಡಿಯೋದ ಬಾಗಿಲಿನಿಂದಲೇ ಕೂಗಿದಳು: "ಕಾಕಾ, ಸ್ಕಾಲರ್‌ಶಿಪ್ ಆತ್ರೀ! ಎಲ್ಲಾ ಅವರದs ಖರ್ಚು!"

"ಅಲ್ಲಿ ಮಟಾ ಘಾಟು ಹತ್ತಿತೇನ?" ಎಂದು ಗುರುಪಾದಪ್ಪ ನಕ್ಕರು. ಆಮೇಲೆ ಏನನ್ನೋ ಹುಡುಕುವವರಂತೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ನೀಲಗಂಗಾ ನನ್ನ ತೋಳನ್ನು ಹಿಡಿದು, ಮನುಷ್ಯರ ಕೈ ಕುಲುಕುವಂತೆ ಕುಲುಕಿದಳು.

ಈಗ ನನ್ನ ಅಂಚು ಕಂದಿದೆ. ಇತ್ತೀಚೆಗೆ ಕಂಪ್ಯೂಟರೇ ಎಲ್ಲರಿಗೂ ಕೋಟು ತೊಡಿಸುತ್ತದೆ, ಅದೂ ಸರಿಯಾದ ಅಳತೆಯದು. ನಾನು ಬಾಗಿಲ ಹಿಂದಿನ ಮೊಳೆಗೆ ಸರಿದಿದ್ದೇನೆ. ಗುಂಡಿ ಹಾರುವ ಭಯವಿಲ್ಲ. ನಿಜ ಹೇಳಬೇಕೆಂದರೆ, ಆ ಭಯವಿಲ್ಲದೆ ಬೇಸರವಾಗುತ್ತಿತ್ತು.

ಆದರೆ ಮೊನ್ನೆ ರಜೆಗೆ ಬಂದ ನೀಲಗಂಗಾ ತಾಯಿಯನ್ನು ಕರೆತಂದಳು. ಮಗಳ ಪದವಿ ಪ್ರದಾನ ನೋಡಲು ಬಸಲಿಂಗವ್ವ ಹಾಲೆಂಡಿಗೆ ಹೋಗಬೇಕು. ಅದಕ್ಕೆ ಪಾಸ್‌ಪೋರ್ಟು ಬೇಕು.

"ಸೀರಿ ಮ್ಯಾಲೇನೂ ಬ್ಯಾಡವ್ವಾ, ಹಂಗs ತಗೀತೇನಿ," ಎಂದರು ಗುರುಪಾದಪ್ಪ.

"ಅದು ಪಾಸ್‌ಪೋರ್ಟಿಗಾತು. ಇನ್ನೊಂದು ಫೋಟೋ ನನಗs ಇರಲಿ. ಕೋಟು ಹಾಕ್ರಿ. ಕಂಪ್ಯೂಟರಿಂದಲ್ಲ, ಅಕಾ ಅಲ್ಲೈತಲ್ಲ, ಅದು," ಎಂದು ಬಸಲಿಂಗವ್ವ ಬಾಗಿಲ ಹಿಂದಿದ್ದ ನನ್ನತ್ತ ಬೆರಳು ಮಾಡಿದಳು.

ಇಳಕಲ್ ಸೀರೆಯ ಮೇಲೆ ನಾನು ಕುಳಿತೆ. ಬೆನ್ನಿಗೆ ಕ್ಲಿಪ್ಪುಗಳು ಕಚ್ಚಿಕೊಂಡವು. ಬಸಲಿಂಗವ್ವ ತಾನಾಗಿ ನನ್ನ ಜೇಬು ತಡವಿ, ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ನೆಟ್ಟಗೆ ನಿಂತಳು. ಆಗ ನೀಲಗಂಗಾ ಮೆಲ್ಲಗೆ ಹಿಂದೆ ಬಂದಳು. ಮೊಬೈಲು ಕ್ಲಿಕ್ ಎಂದಿತು.

"ಹಿಂದs ಏನ ತಗೀತಿ, ಹುಚ್ಚಿ?"

"ಅಲ್ಲೇ ಎಲ್ಲಾ ಐತಿ ಯವ್ವಾ."

ಕೊನೆಗೂ ನನ್ನ ಬೆನ್ನು ಒಂದು ಫೋಟೊದಲ್ಲಿ ಬಂತು. ಕ್ಲಿಪ್ಪುಗಳ ಸಮೇತ.