ಭಾನುವಾರ ಹೇಳುವ ಮಾತು

"ಬಸುರಿ ಹೆಂಗಸು, ಹೀಗೆ ನಿಂತೇ ಇದ್ರೆ ಹೇಗಮ್ಮ? ಕೂತ್ಕೋ." ಚಿಕ್ಕತ್ತೆ ಪ್ಲಾಸ್ಟಿಕ್ ಕುರ್ಚಿಯನ್ನು ಸೊಸೆಯ ಹಿಂದೆ ತಳ್ಳಿ, ಭುಜ ಒತ್ತಿ ಕೂರಿಸಿದಳು.

ಎದುರಿಗೆ ಮಂಚದ ಮೇಲೆ ಅತ್ತೆ ಮಲಗಿದ್ದಳು. ನಿನ್ನೆ ಕೆಲಸಕ್ಕೆ ಹೊರಟವಳು ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತಳು, ಅಷ್ಟೇ, ಮತ್ತೆ ಏಳಲಿಲ್ಲ. ಇಪ್ಪತ್ತೆರಡು ವರ್ಷ ಸ್ಕ್ಯಾನಿಂಗ್ ರೂಮಿನ ಆಯಾ ಆಗಿದ್ದವಳಿಗೆ ಆಸ್ಪತ್ರೆ ಸೇರುವಷ್ಟೂ ಪುರಸೊತ್ತು ಸಿಗಲಿಲ್ಲ.

"ಅಳ್ಬೇಡ. ಇನ್ನು ನಾಲ್ಕು ತಿಂಗಳಿಗೆ ಮನೆ ಮತ್ತೆ ತುಂಬುತ್ತೆ," ಎಂದಳು ಚಿಕ್ಕತ್ತೆ.

ಸೊಸೆ ಹೊಟ್ಟೆಯ ಮೇಲಿದ್ದ ಕೈ ತೆಗೆದಳು. ಆ ಹೊಟ್ಟೆಯೊಳಗಿನ ನಿಜ ಈ ಮನೆಯಲ್ಲಿ ಗೊತ್ತಿದ್ದದ್ದು ಇಬ್ಬರಿಗೇ. ಈಗ ಅವಳೊಬ್ಬಳಿಗೆ.

*

ಮಂಗಳವಾರ ಅತ್ತೆಯ ಆಸ್ಪತ್ರೆಯಲ್ಲೇ ಸೊಸೆಗೆ ಸ್ಕ್ಯಾನ್ ಮಾಡುತ್ತ ಹರಟುತ್ತಿದ್ದ ಡಾಕ್ಟರು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರು. ಮಗುವಿನ ತಲೆಬುರುಡೆ ಬೆಳೆದೇ ಇಲ್ಲ, ಹುಟ್ಟಿದರೂ ಉಳಿಯುವುದಿಲ್ಲ ಎಂದರು.

ಅತ್ತೆ ಹೊಟ್ಟೆಯ ಮೇಲಿನ ಜೆಲ್ ಒರೆಸಿದಳು. ಮೂಲೆಯಲ್ಲಿದ್ದ ಚಪ್ಪಲಿ ತಂದು, ಮಂಡಿಯೂರಿ, ಸೊಸೆಯ ಕಾಲಿಗೆ ತೊಡಿಸಿದಳು.

"ಅತ್ತೆ, ನೀವು ನನ್ನ ಕಾಲು ಮುಟ್ಟೋದಾ!"

"ಸುಮ್ನಿರು. ಬಗ್ಗಬೇಡ." ಇನ್ನೊಂದು ಚಪ್ಪಲಿಯನ್ನೂ ತೊಡಿಸಿ ಹೇಳಿದಳು, "ನಿನ್ನ ಗಂಡನಿಗೆ ನೀನು ಹೇಳೋಕೆ ಹೋಗ್ಬೇಡ. ಭಾನುವಾರ ಅವನಿಗೆ ರಜೆ. ನಾನೇ ಕೂರಿಸ್ಕೊಂಡು ಹೇಳ್ತೀನಿ."

ಬಾಗಿಲ ಸಂದಿಯಿಂದ ಇಣುಕಿದ ಗಂಡ ಚಪ್ಪಲಿ ತೊಡಿಸುವುದನ್ನಷ್ಟೇ ನೋಡಿದ್ದ. ದಾರಿಯುದ್ದಕ್ಕೂ ಅವನಿಗೆ ಅದೇ ತಮಾಷೆ: "ನನಗೆ ಒಂದು ದಿನವೂ ಶೂ ಹಾಕಿದವಳಲ್ಲ ನಮ್ಮಮ್ಮ. ನೀನು ಮಹಾರಾಣಿ ಬಿಡು!" ಸಂಜೆ ತೊಟ್ಟಿಲಿಗೆಂದು ಗೋಡೆ ಪಕ್ಕದ ಜಾಗ ಅಳೆದ. ಟೇಪಿನ ಇನ್ನೊಂದು ತುದಿಯನ್ನು ಅಮ್ಮನೇ ಹಿಡಿದುಕೊಂಡಳು.

*

ಇವತ್ತು ಭಾನುವಾರ.

ಹಿಂದೆ ಅದೇ ಸ್ಕ್ಯಾನಿಂಗ್ ರೂಮಿನಲ್ಲಿದ್ದು ನಿವೃತ್ತಳಾದ ನರ್ಸ್ ಬಂದಳು. ಅಳು, ಮಾತು ಎರಡೂ ಒಟ್ಟಿಗೇ ಬರುವ ಹೆಂಗಸು. ಸತ್ತವಳ ಮಗನ ಕೈ ಹಿಡಿದುಕೊಂಡು ಶುರು ಮಾಡಿದಳು.

"ನಿಮ್ಮಮ್ಮನ ಬಾಯಿ ಗೊತ್ತಲ್ಲಪ್ಪ. 'ಬೇಗ ಏಳಮ್ಮ, ಹೊರಗೆ ಲೈನಿದೆ' ಅಂತ ಎಲ್ಲರನ್ನೂ ಗದರೋದೇ. ಆದ್ರೆ ಮಗು ಉಳಿಯಲ್ಲ ಅಂತ ಡಾಕ್ಟರು ಹೇಳಿದ್ರೆ, ಆ ಹೆಂಗಸಿನ ಚಪ್ಪಲಿ ತಂದು ತಾನೇ ತೊಡಿಸೋಳು. ಒಂದು ಮಾತೂ ಆಡ್ತಿರಲಿಲ್ಲ."

"ಬೇಕಾದವರು ಬಂದ್ರೂ ತೊಡಿಸ್ತಿದ್ಲೇನೋ," ಎಂದ ಮಗ.

"ಎಲ್ಲಿಂದ! ಡಾಕ್ಟರ ಸ್ವಂತ ತಂಗಿ ಬಂದಾಗಲೂ ಕೂತಲ್ಲಿಂದ ಏಳಲಿಲ್ಲ. ಅಂಥ ಸುದ್ದಿ ಕೇಳಿದವರಿಗೆ ಮಾತ್ರ."

ಮಗ ಕೈ ಬಿಡಿಸಿಕೊಂಡು ಹೆಂಡತಿಯತ್ತ ನೋಡಿದ. ಅವಳು ಅವನ ಮೇಲಿಂದ ಕಣ್ಣು ತೆಗೆಯಲಿಲ್ಲ. ಇಷ್ಟು ದಿನ ಹೆದರಿದ್ದು ಅವನಿಗೆ ಗೊತ್ತಾಗುವ ಈ ಗಳಿಗೆಗೇ, ಅದೂ ಮುಗಿಯಿತು.

ಹೊರಗೆ ಗಾಡಿ ಬಂತು. ನಾಲ್ವರು ಅತ್ತೆಯನ್ನು ಎತ್ತಿ ಹೊರಗೆ ತಂದರು. ಹೊಸ್ತಿಲಾಚೆ ಬಂದವರ ಚಪ್ಪಲಿಗಳೆಲ್ಲ ಒಂದರ ಮೇಲೊಂದು ಬಿದ್ದಿದ್ದವು. ಸೊಸೆ ತನ್ನದನ್ನು ಹುಡುಕಲು ಬಗ್ಗಿದಳು.

"ಬಗ್ಗಬೇಡ," ಎಂದ ಗಂಡ.

ರಾಶಿಯಲ್ಲಿ ಕೈಯಾಡಿಸಿ ಅವಳ ಚಪ್ಪಲಿ ಹುಡುಕಿ ತೆಗೆದ. ಮಂಡಿಯೂರಿದ.

"ಈಗ್ಯಾಕೋ ಇದೆಲ್ಲ? ಗಾಡಿ ಕಾಯ್ತಿದೆ," ಎಂದಳು ಚಿಕ್ಕತ್ತೆ.

ಕಣ್ಣೀರಿಗೆ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಎಡಗಾಲಿನದನ್ನು ಬಲಗಾಲಿಗೆ ತೊಡಿಸುತ್ತಿದ್ದ. ಅವಳು ಕಾಲು ಮುಂದಿಟ್ಟಳು.