ಪಾಳಿ ತಪ್ಪಿದ ನೀರು

“ಇನ್ನೊಮ್ಮೆ ಓದವಾ ತಂಗಿ, ಸಾವಕಾಶ ಓದು,” ಎಂದ ಶೇಖಸಾಬ. “ನಾ ಕಲತಾವಲ್ಲ. ಗಡಬಡಿಸಿದ್ರ ನನಗ ತಿಳಿಯಂಗಿಲ್ಲ.”

ಪುರಸಭೆಯ ಸಭಾಭವನದ ಬಾಗಿಲಿಗೆ ಒತ್ತಿ ಅವನು ನಿಂತಿದ್ದ. ಕುಂಡ್ರು ಅಂತ ಯಾರೂ ಅಂದಿರಲಿಲ್ಲ. ಕೈಯಲ್ಲಿ ನೀರಿನ ಚಾವಿ. ಎದೆಮಟ್ಟದ ಕಬ್ಬಿಣದ ಸಳಿ, ಮೇಲೆ ಅಡ್ಡ ಹಿಡಿಕೆ, ಕೆಳಗೆ ವಾಲ್ವಿನ ತಲೆಗೆ ಕೂಡುವ ಚೌಕ ತೂತು. ಮೂವತ್ತೊಂದು ವರ್ಷ ಅದೇ ಚಾವಿಯಿಂದ ಅವನು ಊರಿನ ಹದಿನಾಲ್ಕು ಓಣಿಗಳಿಗೆ ನೀರು ಬಿಟ್ಟಿದ್ದ. ಅಂಗೈ ತಿಕ್ಕಿ ತಿಕ್ಕಿ ಹಿಡಿಕೆಯ ಕಬ್ಬಿಣ ಬೆಳ್ಳಗಾಗಿತ್ತು. ಇವತ್ತು ಅದನ್ನು ತಂದು ಒಪ್ಪಿಸಬೇಕು ಅಂತ ಹುಕುಂ ಆಗಿತ್ತು.

ಕಳವಿನ ಪಟ್ಟಿ ಹಿಡಿದು ಕಂಪನಿಯಿಂದ ಬಂದಿದ್ದ ಹುಡುಗಿ ಸ್ನೇಹಾ ಮುಖ್ಯಾಧಿಕಾರಿಯ ಮುಖ ನೋಡಿದಳು. ಅವರು ಗಡಿಯಾರ ನೋಡಿದರು. “ಓದಿ ಮುಗಸ್ರಿ,” ಎಂದರು.

ಕೊರ್ಲಹಳ್ಳಿ ಹೊಳೆಯಿಂದ ಬರುವ ನೀರು ಈ ಊರಿಗೆ ಎಂಟು ದಿನಕ್ಕೊಮ್ಮೆ. ಬೋರುಗಳು ಇದ್ದರೂ ಅವುಗಳದು ಸವಳು ನೀರು, ಬಾಯಿಗೆ ಹಾಕುವ ಹಾಗಿಲ್ಲ. ಯಾವ ಓಣಿಗೆ ಯಾವ ದಿನ, ಎಷ್ಟು ತಾಸು ಹೊಳೆಯ ನೀರು ಬಿಡಬೇಕು ಅನ್ನುವುದಕ್ಕೆ ಪಾಳಿ ಅನ್ನುತ್ತಾರೆ. ಇನ್ನು ಮುಂದೆ ಆ ಪಾಳಿಯನ್ನು ಸ್ನೇಹಾಳ ಕಂಪನಿಯ ಎಐ ನಡೆಸುತ್ತದೆ, ಮನುಷ್ಯರ ಕೈ ಬೇಡ ಅಂತ ಪುರಸಭೆಯವರು ಮನಸ್ಸು ಮಾಡಿದ್ದರು. ಎರಡು ವರ್ಷದ ಹಿಂದೆಯೇ ಪೈಪುಗಳಿಗೆ ಮುಷ್ಟಿಗಾತ್ರದ ಕರಿ ಡಬ್ಬಿ ಕೂಡಿಸಿ ಹೋಗಿದ್ದರು. ಅವು ಸದ್ದಿಲ್ಲದೆ ನೀರು ಬಂದದ್ದು ಹೋದದ್ದು ಎಲ್ಲ ಬರೆದಿಟ್ಟುಕೊಂಡಿದ್ದವು. ಅದರಲ್ಲಿ ಪಾಳಿ ತಪ್ಪಿಸಿ ಬಿಟ್ಟ ನೀರು ಮೂವತ್ತೆಂಟು ಸಲ ಸಿಕ್ಕಿತು. ಎಐ ಅದಕ್ಕೆ ಕಳವು ಅಂತ ಹೆಸರಿಟ್ಟಿತು. ಇಟ್ಟು ಸುಮ್ಮನಾಗಲಿಲ್ಲ. ಅಂಥ ನೀರು ಹೆಚ್ಚು ಸಿಕ್ಕ ಓಣಿಗಳಿಗೆ ಪಾಳಿಯನ್ನೇ ದೂರ ಮಾಡಿತು. ಹೊಂಡದ ಓಣಿಗೆ ಇನ್ನು ಎಂಟಲ್ಲ, ಹನ್ನೆರಡು ದಿನಕ್ಕೊಮ್ಮೆ.

ಹೊಂಡದ ಓಣಿಯಲ್ಲಿ ಮುದಕಪ್ಪ ಇದ್ದ. ಶೇಖಸಾಬನಿಗಿಂತ ಮೊದಲು ನೀರು ಬಿಡುತ್ತಿದ್ದವನು, ಈ ಚಾವಿ ಇವನ ಕೈಗೆ ಕೊಟ್ಟವನು. ಎಂಬತ್ತು ದಾಟಿ, ತಿಂಗಳಿಂದ ಹಾಸಿಗೆ ಹಿಡಿದಿದ್ದ. ಚಾವಿ ಕೊಟ್ಟ ದಿನ ಅವನು ಹೇಳಿದ್ದು ಎರಡೇ ಮಾತು. “ಮೆಂಬರು ಬೈದ್ರ ಬೈಸ್ಕೋ, ಪಾಳಿ ತಪ್ಪಸಬ್ಯಾಡ. ಸಾವಾದ ಮನಿ ಇದ್ರ ಮಾತ್ರ ಪಾಳಿ ನೋಡಬ್ಯಾಡ.” ಎಂಟು ದಿನ ಬ್ಯಾರಲ್ಲಿನಲ್ಲಿ ನಿಂತ ನೀರಿನಿಂದ, ಇಲ್ಲವೆ ಬೋರಿನ ಸವಳು ನೀರಿನಿಂದ ಸತ್ತವರ ಮೈ ತೊಳೆಯುವುದು ಈ ಊರಿನಲ್ಲಿ ಯಾರಿಗೂ ಒಗ್ಗದು. ಹಿಂದೂಗಳಿರಲಿ, ಮುಸಲ್ಮಾನರಿರಲಿ, ಹೊಳೆಯ ಹೊಸ ನೀರೇ ಆಗಬೇಕು. ಸಾವಿನ ಮನೆಯವರು ಬಂದು ಬಾಯಿ ತೆರೆದು ಕೇಳುತ್ತಲೂ ಇರಲಿಲ್ಲ. ಬಾಗಿಲಲ್ಲಿ ನಿಲ್ಲುತ್ತಿದ್ದರು. ಮುಖ ನೋಡಿ ಶೇಖಸಾಬ ಗೋಡೆಯ ಮೊಳೆಯಿಂದ ಚಾವಿ ಇಳಿಸುತ್ತಿದ್ದ. ಅರ್ಧ ತಾಸು, ಹೆಚ್ಚೆಂದರೆ ನಲವತ್ತು ಮಿನಿಟು. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ.

ಮೊನ್ನೆ ನೋಡಲು ಹೋದಾಗ ಮುದಕಪ್ಪ ಅವನ ಮುಂಗೈ ಹಿಡಿದಿದ್ದ. “ನನಗೂ ನೀನ ಬಿಡಬೇಕಲೇ ಶೇಖ್ಯಾ,” ಅಂದಿದ್ದ. “ಆತಣ್ಣಾ,” ಅಂದುಬಿಟ್ಟಿದ್ದ ಶೇಖಸಾಬ. ಆಗಲೇ ಚಾವಿ ಒಪ್ಪಿಸುವ ಹುಕುಂ ಅವನ ಅಂಗಿಯ ಕಿಸೆಯಲ್ಲಿತ್ತು.

“ಜನವರಿ ಹದಿನಾಲ್ಕು. ಮುಂಜಾನೆ ಐದೂವರಿ. ಗುಡಿ ಓಣಿ. ನಲವತ್ತು ನಿಮಿಷ,” ಸ್ನೇಹಾ ಓದಿದಳು.

ತಾರೀಖು ಶೇಖಸಾಬನ ತಲೆಗೆ ಹತ್ತುವುದಿಲ್ಲ. ಅವನು ಹಬ್ಬ ಹುಣ್ಣಿಮೆಯಿಂದ ನೆನಪು ಹಿಡಿಯುವವನು. ತುಸು ತಡೆದು “ಸಂಕ್ರಾಂತಿ,” ಅಂದ.

ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತಿದ್ದ ಕಳಕವ್ವನ ಕೈಯಲ್ಲಿ ಪೆನ್ನು ನಿಂತಿತು. ಆ ಸಂಕ್ರಾಂತಿಯ ನಸುಕಿನಲ್ಲಿ ಅವಳ ತಾಯಿ ಗುಡಿ ಓಣಿಯ ಅವಳ ಮನೆಯಲ್ಲೇ ತೀರಿಕೊಂಡಿದ್ದಳು. ಶೇಖಸಾಬ ಅವಳತ್ತ ನೋಡಲಿಲ್ಲ.

“ಮಾರ್ಚ್ ಇಪ್ಪತ್ತೆಂಟು. ಮಧ್ಯಾಹ್ನ ಎರಡು. ಮಸೂತಿ ಓಣಿ. ಮೂವತ್ತೈದು ನಿಮಿಷ.”

“ರಮಜಾನದ ಇಪ್ಪತ್ತೇಳನೇ ರೋಜಾ.”

ಅದು ಅತಾವುಲ್ಲಾನ ಅಣ್ಣ ಸತ್ತ ದಿನ. ಮಸೂತಿ ಓಣಿಯ ಮೆಂಬರ್ ಅತಾವುಲ್ಲಾ ಮೇಜಿನ ಮೇಲಿನ ಬಾಟಲಿ ಎತ್ತಿ ಎರಡು ಗುಟುಕು ಕುಡಿದ. ಕುಡಿದು ಅವನೇ ಮೊದಲು ಮಾತು ತೆಗೆದ.

“ಚಾಚಾ, ಹಬ್ಬ ಎಣಸಾಕ ಕರದಿಲ್ಲ ನಿಮ್ಮನ್ನ. ಯಾರಿಗೆ ಬಿಟ್ರಿ, ಯಾಕ ಬಿಟ್ರಿ, ಅಷ್ಟ ಹೇಳ್ರಿ.”

“ಯಾಕಂತ ನಿಮಗ ಗೊತ್ತೈತಿ.”

“ನನಗೇನು ಗೊತ್ತು? ನಾ ಏನು ಮಿಷನ್ನೇನು?”

ಕಳಕವ್ವನ ಬೆನ್ನಿಗೆ ಅವಳ ಗಂಡ ಹುಚ್ಚೀರಪ್ಪ ಕುಳಿತಿದ್ದ. ಅವನು ಮೆಂಬರಲ್ಲ, ನೌಕರನಲ್ಲ, ಸಭೆಗೆ ಬರಲೇಬಾರದವನು. ಆದರೂ ಅವನ ಪ್ಲಾಸ್ಟಿಕ್ ಕುರ್ಚಿ ಎಲ್ಲ ಸಭೆಯಲ್ಲೂ ಅಲ್ಲೇ ಇರುತ್ತದೆ. “ಹೆಸರು ಹೇಳಲಿ,” ಎಂದ. “ಹೆಸರು ಹೇಳಿದ್ರ ಇವನ ಮ್ಯಾಲಿನ ಕಳವು ಬಿಟ್ಟಬಿಡೂಣು. ನೀರು ತಗೊಂಡ ಮನಿಗೆ ನೋಟೀಸ ಕೊಟ್ಟು ನಳ ಕಿತ್ತಹಾಕೂಣು.”

“ಎಲ್ಲಾರ ನಳಾನೂ ಕೀಳತೀರೇನ್ರಿ ಸಾಹುಕಾರ್ರ?” ಎಂದ ಶೇಖಸಾಬ.

“ಕಳ್ಳರಂದ ಮ್ಯಾಲೆ ಅದರಾಗ ನಿಂದು ನಂದು ಏನಲೇ.”

ಹೇಳಿಬಿಡಬಹುದಿತ್ತು. ಮೂವತ್ತೆಂಟು ಹೆಸರೂ ಶೇಖಸಾಬನ ನಾಲಗೆಯ ಮೇಲಿದ್ದವು, ಯಾವ ಮನೆ, ಯಾರು ಬಂದು ಬಾಗಿಲಲ್ಲಿ ನಿಂತರು, ಎಲ್ಲ. ಆದರೆ ಸಾವಿನ ಮನೆಗೆ ಬಿಟ್ಟ ನೀರನ್ನು ನಾಲ್ಕು ಮಂದಿಯ ಮುಂದೆ ಆಡಿ ತೋರಿಸುವುದನ್ನು ಮುದಕಪ್ಪ ಅವನಿಗೆ ಕಲಿಸಿರಲಿಲ್ಲ. ಅವನು ಕಳಕವ್ವನ ಕಡೆ ತಿರುಗಿದ.

“ಅಕ್ಕಾರ, ಚಾವಿ ಬೇಕಂದ್ರ ತಗೊಳ್ರಿ. ಕಳ್ಳ ಅಂದ್ರ ಅನ್ರಿ. ಒಂದ ಸಾಲು ಬರಸ್ರಿ. ಸಾವಾದ ಮನಿ ಇದ್ರ ಪಾಳಿ ನೋಡಬಾರದು ಅಂತ ಆ ಮಿಷನ್ನಿಗೆ ಹೇಳಿ ಇಡ್ರಿ.”

ಸ್ನೇಹಾ ತಲೆ ಎತ್ತಿದಳು. “ಅದು ಆಗತೈತ್ರಿ. ಕಾರಣಾ ತುಂಬಾಕ ಜಾಗಾ ಐತಿ. ಯಾರು ಒಪ್ಪಿಗಿ ಕೊಡಬೇಕು ಅನ್ನೂದನ್ನ ನೀವು ಠರಾವಿನ್ಯಾಗ ಬರದಕೊಟ್ರ ನಾ ಇವತ್ತ ಹಾಕತೀನಿ. ನೀವು ಹೆಂಗ ಹೇಳತೀರಿ ಹಂಗ ಕೇಳತೈತ್ರಿ ಅದು.”

“ಯಾರ ಒಪ್ಪಿಗಿ?” ಅತಾವುಲ್ಲಾ ಕೇಳಿದ.

“ವಾರ್ಡಿನ ಮೆಂಬರಂದು. ಇಲ್ಲಾ ಅಧ್ಯಕ್ಷರದು.”

ಅತಾವುಲ್ಲಾ ಬಾಟಲಿಯ ಮುಚ್ಚಳ ತಿರುವಿದ. “ನೋಡವಾ, ಈ ಎಐ ನಾವು ತಂದದ್ದ ಯಾಕ? ಮಂದಿ ಹೊತ್ತ ಮೂಡೂದ್ರಾಗ ಬಂದು ನಮ್ಮ ಬಾಗಲಾ ಬಡೀಬಾರದು ಅಂತ. ನೀರು ಬರಲಿಲ್ಲೇನು, ಸಿಸ್ಟಮ್ ಕೇಳ್ರಿ ಅಂತ ಹೇಳಿ ನಾವು ಚಾ ಕುಡಕೋತ ಕುಂಡ್ರಬೇಕು. ಮತ್ತ ನಮ್ಮ ಒಪ್ಪಿಗಿ ಅಂದ್ರ ಏನ ಬಂತು ಭಾಗ್ಯ? ನಾಳಿಂದ ವಾರಕ್ಕೊಮ್ಮಿ ಮನಿಗೊಂದ ಅಜ್ಜಿ ಸಾಯತಾಳ, ನೀರಿನ ಸಲುವಾಗಿ.”

“ಒಂದ ಅಜ್ಜಿ ನಾಕ್ ಸಲ,” ಎಂದರು ಹಿಂದಿನ ಸಾಲಿನಿಂದ ಯಾರೋ. ಎಲ್ಲರೂ ನಕ್ಕರು. ಮುಖ್ಯಾಧಿಕಾರಿಯೂ ನಕ್ಕರು. ನಗು ಮುಗಿದ ಮೇಲೆ “ಅದನ್ನ ಮುಂದಿನ ಸಭಾದಾಗ ನೋಡೂಣು,” ಎಂದರು.

“ಒಂದ ಸಾಲು ಬರಿಯೂದು ಇದ್ದ ಐತಿ,” ಎಂದ ಹುಚ್ಚೀರಪ್ಪ. “ಕಲ್ಯಾಣ ಮಂಟಪಕ್ಕ ಮದವಿ ಇದ್ದ ದಿನ ಪಾಳಿ ಹಚ್ಚಬಾರದು. ನಾಕ ಊರಿನ ಬೀಗರು ಬರತಾರ, ಊರ ಮಾನದ ಪ್ರಶ್ನಿ. ಅದನ್ನ ಬರಕೋ.”

“ಯಾವ ಮಂಟಪ್ರಿ?” ಸ್ನೇಹಾ ಕೇಳಿದಳು.

ಊರಿಗೆ ಇರುವುದೇ ಒಂದು ಮಂಟಪ, ಅದು ಹುಚ್ಚೀರಪ್ಪನದು. ಒಪ್ಪಿಗೆಯ ಕೈಗಳು ಎದ್ದವು. ಸ್ನೇಹಾ ಬರೆದುಕೊಂಡಳು. ಸಭೆ ಒಪ್ಪಿದ್ದನ್ನೆಲ್ಲ ಬರೆದ ಠರಾವಿನ ಹಾಳೆ ಕಳಕವ್ವನ ಮುಂದೆ ಬಂತು. ಅವಳು ಮೊದಲಿಂದ ಓದಲು ಹತ್ತಿದಳು. ಹುಚ್ಚೀರಪ್ಪನ ಬೆರಳು ಅವಳ ಭುಜದ ಮೇಲಿಂದ ಇಳಿದು ಹಾಳೆಯ ಕೆಳಗೆ ಸಹಿಯ ಜಾಗದಲ್ಲಿ ಕೂತಿತು. ಅವಳು ಒಮ್ಮೆ ಶೇಖಸಾಬನನ್ನು ನೋಡಿದಳು. ಆಮೇಲೆ ಸಹಿ ಹಾಕಿದಳು.

ಶೇಖಸಾಬ ಮುಂದೆ ಬಂದು ಚಾವಿಯನ್ನು ಮೇಜಿನ ಮೇಲೆ ಮಲಗಿಸಿದ.

“ಹಗೂರಲೇ, ಗಾಜು ಒಡದೀತು,” ಎಂದ ಹುಚ್ಚೀರಪ್ಪ.

ಅದಾಗಿ ಮೂರು ವಾರಕ್ಕೆ, ಹೊತ್ತು ಮೂಡಿ ಮಾರು ಏರಿದಾಗ, ಶೇಖಸಾಬನ ಹೆಂಡತಿ ದಿಲಶಾದಬಿ ರೊಟ್ಟಿಯ ಹಂಚು ಇಳಿಸಿ ಗಂಡನನ್ನು ಕರೆದಳು. “ಗುರುಸಿದ್ದವ್ವ ಬಂದು ನಿಂತಾಳ ನೋಡ್ರಿ.”

ಮುದಕಪ್ಪನ ಸೊಸೆ ಗುರುಸಿದ್ದವ್ವ ಹೊಸ್ತಿಲ ಆಚೆ ನಿಂತಿದ್ದಳು. ಶೇಖಸಾಬನ ಕೈ ತಾನಾಗಿ ಗೋಡೆಯ ಮೊಳೆಗೆ ಹೋಯಿತು. ಮೊಳೆಯ ಕೆಳಗೆ ಸುಣ್ಣದ ಮೇಲೆ ಚಾವಿಯ ಉದ್ದಕ್ಕೂ ಒಂದು ತುಕ್ಕಿನ ಗೆರೆ ಉಳಿದಿತ್ತು.

“ಯಾವಾಗ?”

“ನಸಕಿನ್ಯಾಗ, ಕಾಕಾ.”

“ಮನ್ಯಾಗ ನೀರೆಷ್ಟೈತಿ?”

“ಅರ್ಧ ಬ್ಯಾರಲ್ ಐತಿ. ಹತ್ತ ದಿನದ್ದು. ಹುಳಾ ಆಗ್ಯಾವ.”

ಅವನು ಟೋಪಿ ಹಾಕಿಕೊಂಡ. “ಓಣಿ ಹೆಣ್ಮಕ್ಕಳಿಗೆ ಕೊಡಾ ತಗೊಂಡು ಬರ್ರಿ ಅನ್ನು. ನಡಿ, ಅಧ್ಯಕ್ಷರ ಮನಿಗೆ ಹೋಗೂಣು.”

ಹುಚ್ಚೀರಪ್ಪ ಕಟ್ಟೆಯ ಮೇಲೆ ಬೇವಿನ ಕಡ್ಡಿ ಅಗಿಯುತ್ತ ಕೂತಿದ್ದ. ಹೊಸ ಬಿಳಿ ಅಂಗಿ ತೊಟ್ಟಿದ್ದ. “ಏನಲೇ ಶೇಖಸಾಬ, ಹೆಂಗಸರನ್ನ ಕಟಗೊಂಡು ಮೆರವಣಿಗಿ?”

“ಮುದಕಪ್ಪಣ್ಣ ಹ್ವಾದ.”

“ಹೋದ್ರ ನಾ ಏನು ಮಾಡ್ಲಿ? ನಿಮ್ಮ ಓಣಿ ಪಾಳಿ ನಾಡದು ಐತಿ. ನಾಡದು ತನಕಾ ಇಟಗೊಂಡ ಕುಂಡ್ರ್ರಿ.”

ಗುರುಸಿದ್ದವ್ವ ಕೊಡವನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಿಸಿದಳು. ಒಳಗಿನಿಂದ ಕಳಕವ್ವ ಬಂದು ಬಾಗಿಲಲ್ಲಿ ನಿಂತಿದ್ದನ್ನು ಗಂಡ ನೋಡಿರಲಿಲ್ಲ.

“ಸಂಕ್ರಾಂತಿ ದಿನ ನಮ್ಮವ್ವನ್ನ ನಾಡದ ತನಕಾ ಇಟ್ಟಿದ್ದಿಲ್ಲ,” ಎಂದಳು ಅವಳು.

“ನೀ ಒಳಗ ಹೋಗು. ಮಂಟಪದಾಗಿನ ಮದವಿಗೆ ಹೊತ್ತಾತು.”

“ಚಾವಿ ಎಲ್ಲೈತ್ರಿ?” ಅವಳು ಕೇಳಿದಳು.

“ಆಫೀಸಿನ್ಯಾಗ ಎಲ್ಯರ ಬಿದ್ದಿರತೈತಿ. ಕಳಕವ್ವಾ, ಠರಾವಿನ ಮ್ಯಾಲೆ ಇರೂದು ನಿನ್ನ ಸಹಿ, ನೆನಪಿರ್ಲಿ.”

“ನೆನಪೈತಿ,” ಅಂದಳು ಅವಳು. ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದಳು. ಗಂಡನಿಲ್ಲದೆ ಅವಳು ಪುರಸಭೆಯ ಕಡೆ ನಡೆದದ್ದು ಅದೇ ಮೊದಲು. ಹಿಂದೆ ಕೊಡ ಹೊತ್ತ ಆರು ಹೆಂಗಸರು, ಅವರ ಹಿಂದೆ ಶೇಖಸಾಬ.

ಆಫೀಸಿನಲ್ಲಿ ಮುರಿದ ಕುರ್ಚಿಗಳ ಸಂದಿಯಲ್ಲಿ, ಕಸಬರಿಗೆಯ ಮಗ್ಗುಲಿಗೆ ಚಾವಿ ಇತ್ತು. ಕಳಕವ್ವ ತಾನೇ ಎತ್ತಿ ತಂದು ಅವನ ಕೈಗೆ ಕೊಟ್ಟಳು. ಇಷ್ಟು ಭಾರ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ ಅನಿಸುತ್ತದೆ, ಎರಡು ಕೈ ಹಚ್ಚಿದ್ದಳು.

ಹೊಂಡದ ಓಣಿಯ ಬಾಯಿಗೆ ವಾಲ್ವಿನ ಗುಂಡಿ. ಶೇಖಸಾಬ ಮುಚ್ಚಳ ಸರಿಸಿ ಚಾವಿ ಇಳಿಬಿಟ್ಟ. ಠಣ್ ಅಂತು. ಇನ್ನೊಂದು ಬದಿಗೆ ಸರಿಸಿ ಇಳಿಬಿಟ್ಟ. ಮತ್ತೆ ಠಣ್. ಬಗ್ಗಿ ನೋಡಿದರೆ ವಾಲ್ವಿನ ತಲೆಯೇ ಇರಲಿಲ್ಲ. ಅದರ ಮೇಲೆ ನೀಲಿ ಬಣ್ಣದ ಮೋಟಾರಿನ ಪೆಟ್ಟಿಗೆ ಕೂತು, ನಾಲ್ಕೂ ಕಡೆ ಬೋಲ್ಟು ಬಿಗಿದಿತ್ತು.

ಕಳಕವ್ವ ಸ್ನೇಹಾಳಿಗೆ ಫೋನು ಹಚ್ಚಿದಳು. ಎಲ್ಲರಿಗೂ ಕೇಳುವ ಹಾಗೆ ಇಟ್ಟಳು.

“ನಾ ಹುಬ್ಬಳ್ಳಿಯಾಗ ಅದೀನ್ರಿ ಮೇಡಂ. ಇಲ್ಲಿಂದನ ತೆರೀಬಹುದು, ಎರಡ ಮಿನಿಟಿನ ಕೆಲಸ. ಆದ್ರ ಯಾರ ಬಾಯಿ ಮಾತಿಗೂ ತೆರೀಬಾರದು ಅಂತ ಠರಾವಿನ್ಯಾಗ ಐತ್ರಿ.”

“ನಾನ ಹೇಳಾಕತ್ತೀನಲ್ಲವಾ ಈಗ.”

“ಸಭಾದಾಗ ಹೇಳಬೇಕಾಗಿತ್ರಿ. ನಾ ಅವತ್ತ ಕೇಳಿದ್ನ್ರಿ. ಈಗ ತೆರದ್ರ ನನ್ನ ಮ್ಯಾಲೆ ಬರತೈತಿ. ಸಭಾ ಕರದು ಇನ್ನೊಂದ ಠರಾವು ಕಳಸ್ರಿ, ತಕ್ಷಣ ಹಾಕತೀನಿ.”

“ಸಭಾ ಕರಿಯಾಕ ಏಳ ದಿನ ಬೇಕು.”

ಕಳಕವ್ವ ಫೋನು ಬಂದು ಮಾಡಿದಳು.

ಶೇಖಸಾಬ ಗುಂಡಿಯ ಅಂಚಿಗೆ ಮೊಣಕಾಲೂರಿದ. ಚಾವಿಯ ತುದಿಯನ್ನು ಪೆಟ್ಟಿಗೆಯ ಪಕ್ಕದ ದೊಡ್ಡ ಪೈಪಿನ ಮೇಲೆ ಊರಿ, ಹಿಡಿಕೆಗೆ ಕಿವಿ ಹಚ್ಚಿದ. ನೆಲದೊಳಗೆ ನೀರು ಎಲ್ಲಿದೆ ಅಂತ ಕೇಳಲು ಮುದಕಪ್ಪ ಕಲಿಸಿದ ರೀತಿ ಅದು. ಕಣ್ಣು ಮುಚ್ಚಿದ.

“ಹೊಂಟೈತಿ,” ಅಂದ.

“ಏನು?” ಕಳಕವ್ವ ಕೇಳಿದಳು.

“ನೀರು. ಇಲ್ಲೇ ನಮ್ಮ ಕಾಲಬುಡಕ. ಪೂರಾ ತುಂಬಿ ಹೊಂಟೈತಿ.”

ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ. ಓಣಿಯ ಆ ತುದಿಗೆ ಕಲ್ಯಾಣ ಮಂಟಪದ ಮೈಕಿನಲ್ಲಿ ಸನಾದಿ ಶುರುವಾಗಿತ್ತು.

“ಅಲ್ಲಿಂದ ನಾಕ ಕೊಡಾ ತರಬಹುದಲ್ಲವಾ,” ಎಂದಳು ಕಳಕವ್ವ, ತೀರಾ ಸಣ್ಣ ದನಿಯಲ್ಲಿ.

“ಅಕ್ಕಾರ, ಮದವಿ ಮನಿ ನೀರು ಹೆಣಕ್ಕ ತರತಾರೇನ್ರಿ ಯಾರರ?” ಅಂದಳು ಗುರುಸಿದ್ದವ್ವ. “ಆ ಮದುಮಗಳು ಏನು ಮಾಡ್ಯಾಳ್ರಿ ಪಾಪ.”

ಶೇಖಸಾಬ ಎದ್ದು ಪಕ್ಕಕ್ಕೆ ಸರಿದ. ಚಾವಿ ಹಾಗೇ ಪೈಪಿನ ಮೇಲೆ ನಿಂತಿತ್ತು, ಅವನು ಅದರ ಮೇಲೆ ಒಂದು ಕೈ ಇಟ್ಟಿದ್ದ ಅಷ್ಟೇ. ಕಳಕವ್ವ ಅದನ್ನು ತುಸು ಹೊತ್ತು ನೋಡಿದಳು. ಆಮೇಲೆ ಫೋನನ್ನು ಮುಷ್ಟಿಯಲ್ಲಿ ಹಿಡಿದು, ರೇಷ್ಮೆ ಸೀರೆಯ ಸೆರಗನ್ನು ಕಿವಿಯಿಂದ ಹಿಂದೆ ಸರಿಸಿ, ಧೂಳಿನಲ್ಲಿ ಮೊಣಕಾಲೂರಿ ಹಿಡಿಕೆಗೆ ಕಿವಿ ಇಟ್ಟಳು. ಇಟ್ಟವಳು ಏಳಲಿಲ್ಲ.

ಹೆಂಗಸರು ಒಬ್ಬೊಬ್ಬರಾಗಿ ಖಾಲಿ ಕೊಡಗಳನ್ನು ಕೆಳಗಿಟ್ಟರು.