ಟಗರಿಗೆ ನೀರಡಿಕೆ ಇಲ್ಲ

ಕಟಕೋಳದ ಯಲ್ಲವ್ವನ ಮನೆಯಲ್ಲಿ ಅವತ್ತು ಬೀಗರ ಊಟ. ಬೀಗರ ಊಟವೆಂದರೆ ಹುಡುಗಾಟವೇ? ಮಗಳು ಶಿವಾನಿಯನ್ನು ಹೂಲಿಯ ಸಂಜುಗೆ ಕೊಟ್ಟು ಇನ್ನೂ ತಿಂಗಳು ತುಂಬಿಲ್ಲ. ಗಂಡಿನ ಕಡೆಯವರು ಮೂವತ್ತು ಮಂದಿ, ಎರಡು ಟಂಟಂ ಗಾಡಿ ಮಾಡಿಕೊಂಡು ಮಧ್ಯಾಹ್ನ ಹನ್ನೆರಡಕ್ಕೆ ಬಂದಿಳಿಯುವವರಿದ್ದರು. ಅವರಿಗೆ ಖಂಡದ ಊಟ ಹಾಕಬೇಕು, ಅದೂ ಮನೆಯಲ್ಲೇ ಮೇಯಿಸಿದ ಟಗರಿನದು. ಅಂಗಡಿಯ ಖಂಡ ತಂದು ಹಾಕಿದರೆ ಹೂಲಿಯಿಂದ ಸವದತ್ತಿವರೆಗೂ ಮಾತು ಹಬ್ಬುತ್ತದೆ.

ಮಾತು ಹಬ್ಬಿಸುವವರು ಬೇರೆ ಯಾರೂ ಬೇಡ, ಬೀಗತಿ ಲಗಮವ್ವ ಒಬ್ಬಳೇ ಸಾಕು. ನಿಶ್ಚಯದ ದಿನ ಯಲ್ಲವ್ವ ಎರಡು ದಿನ ಕುಂತು ಮಾಡಿದ ಹೋಳಿಗೆಯ ಒಂದು ತುದಿ ಮುರಿದು ಬಾಯಿಗೆ ಹಾಕಿಕೊಂಡ ಆ ಹೆಂಗಸು, "ಬೆಲ್ಲ ಕಡಿಮಿ ಆಗೇತಿ" ಎಂದಿದ್ದಳು. ಅಷ್ಟೇ. ಮುಂದೆ ಇಡೀ ದಿನ ಬಾಯಿ ಬಿಟ್ಟಿರಲಿಲ್ಲ. ಅಂದಿನಿಂದ ಯಲ್ಲವ್ವನ ಎದೆಯಲ್ಲಿ ಒಂದು ಕಲ್ಲು ಕುಂತಿತ್ತು. ಇಂಥ ಅತ್ತೆಯ ಕೈಯಲ್ಲಿ ನನ್ನ ಹುಡುಗಿ ಹೇಗೆ ಬಾಳುತ್ತಾಳಪ್ಪಾ? ಹೋಳಿಗೆಗೆ ಹೀಗೆ ಅಂದವಳು, ಖಂಡದ ಊಟ ಕೆಟ್ಟರೆ ಬಿಟ್ಟಾಳೇ? ಶಿವಾನಿ ಮುದುಕಿಯಾಗುವತನಕ ಚುಚ್ಚುತ್ತಲೇ ಇರುತ್ತಾಳೆ!

ಟಗರು ಸಿರಸಂಗಿಯಿಂದ ಬಂದದ್ದು. ಲಗ್ನ ಗೊತ್ತಾದ ವಾರದಲ್ಲೇ ಯಲ್ಲವ್ವನ ಗಂಡ ಶಟ್ಟೆಪ್ಪ ಮರಿಯನ್ನು ಹೆಗಲ ಮೇಲೆ ಹೊತ್ತು ತಂದಿದ್ದ. ಬಂದ ದಿನವೇ ಯಲ್ಲವ್ವ ಕಟ್ಟಪ್ಪಣೆ ಮಾಡಿದ್ದಳು: "ಯಾರೂ ಇದಕ್ಕ ಹೆಸರಿಡಬ್ಯಾಡ್ರಿ. ಕೊಯ್ಯೂ ಜೀವಕ್ಕ ಹೆಸರಿಟ್ರ ಗಂಟಲದಾಗ ಇಳಿಯೂದಿಲ್ಲ." ಯಾರೂ ಇಡಲಿಲ್ಲ. ಯಲ್ಲವ್ವ ಮಾತ್ರ ಶೇಂಗಾದ ಹೊಟ್ಟು ಹಾಕುವಾಗ "ಬಾ ನಮ್ಮಪ್ಪಾ, ತಿನ್ನು ನಮ್ಮಪ್ಪಾ" ಎನ್ನುತ್ತಿದ್ದಳು. ಅದು ಹೆಸರಲ್ಲ, ಬಾಯಿಮಾತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. "ನಮ್ಮಪ್ಪಾ" ಅಂದರೆ ಸಾಕು, ಟಗರು ಓಣಿಯ ಆ ತುದಿಯಿಂದ ಓಡಿ ಬರುತ್ತಿತ್ತು.

ಹಾಗಂತ ಯಲ್ಲವ್ವನನ್ನು ಖಂಡ ಕಂಡರೆ ಮುಖ ತಿರುಗಿಸುವವಳು ಎಂದು ತಿಳಿಯಬೇಡಿ. ಆಕೆ ಚೀಪಿ ಬಿಟ್ಟ ಎಲುಬನ್ನು ನಾಯಿ ಕೂಡ ಮೂಸಿ ನೋಡಿ, ನಿಟ್ಟುಸಿರು ಬಿಟ್ಟು ಮುಂದೆ ಹೋಗುತ್ತಿತ್ತು. ಆದರೆ ಅವತ್ತು ನಸುಕಿನಲ್ಲಿ ಎಮ್ಮೆ ಹಿಂಡಲು ಹಿತ್ತಲಿಗೆ ಹೋದಾಗ ಆ ಟಗರು ಬಂದು ಆಕೆಯ ಮೊಣಕಾಲಿಗೆ ಹಣೆ ತಿಕ್ಕಿತು ನೋಡಿ, ಯಲ್ಲವ್ವನ ಕರುಳು ಕಿತ್ತು ಬಂತು. ಹೋಗುವ ಜೀವ ನೀರಡಿಸಿ ಹೋಗಬಾರದು ಎಂದುಕೊಂಡು ಒಂದು ಕೊಡ ನೀರಿಗೆ ಬೆಲ್ಲ ಕದಡಿ ಮುಂದಿಟ್ಟಳು. ಟಗರು ತಳ ಕಾಣುವತನಕ ಕುಡಿಯಿತು. ಯಾರೂ ನೋಡಲಿಲ್ಲ. ಯಲ್ಲವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮಸಾಲೆ ಅರೆಯಲು ಒಳಗೆ ಹೋದಳು.

ಒಂಬತ್ತಕ್ಕೆ ಅಕ್ಬರಸಾಬ ಬಂದ. ಸುತ್ತ ಹತ್ತೂರಲ್ಲಿ ಯಾರ ಮನೆಯಲ್ಲಿ ಕುರಿ ಕೊಯ್ಯಬೇಕಾದರೂ ಆತನೇ ಬೇಕು. ಗಡ್ಡ ಬೆಳ್ಳಗಾಗಿದ್ದರೂ ಕೈ ಒಂದಿಷ್ಟೂ ನಡುಗುವುದಿಲ್ಲ. ಆದರೆ ಆತನ ಕಟ್ಟಳೆಗಳು ಬಹಳ. ಚೂರಿಯನ್ನು ಮನೆಯಲ್ಲೇ ಮಸೆದು ಟವೆಲ್ಲಿನಲ್ಲಿ ಸುತ್ತಿಕೊಂಡು ಬರುತ್ತಾನೆ. ಅದು ಪ್ರಾಣಿಯ ಕಣ್ಣಿಗೆ ಬೀಳಬಾರದು. ಇನ್ನೊಂದು ಪ್ರಾಣಿ ನೋಡುತ್ತ ನಿಂತಿರಬಾರದು. ಜಗ್ಗಾಡಬಾರದು, ಬಯ್ಯಬಾರದು. ಎಲ್ಲಕ್ಕಿಂತ ದೊಡ್ಡದು ನೀರಿನ ಕಟ್ಟಳೆ. ಪ್ರಾಣಿ ಅವನ ಕಣ್ಣೆದುರು, ತನ್ನ ಮನಸ್ಸಿನಿಂದ ತಾನೇ ನೀರು ಕುಡಿಯಬೇಕು. ಕುಡಿಯಲಿಲ್ಲವೋ, ಚೂರಿ ಟವೆಲ್ಲಿನಿಂದ ಹೊರಗೆ ಬರುವುದಿಲ್ಲ. ಅಕ್ಬರಸಾಬ ಒಮ್ಮೆ ಬೇಡವೆಂದ ಟಗರನ್ನು ಈ ಕಡೆ ಬೇರೆ ಯಾವ ಕೈಯೂ ಮುಟ್ಟುವುದಿಲ್ಲ.

ಬಕೀಟು ಬಂತು. ಟಗರು ಮೂಸಿತು. ಎಲ್ಲರ ಮುಖ ಒಮ್ಮೆ ನೋಡಿತು. ಆಮೇಲೆ ತಿರುಗಿ ನಿಂತು ಬಾಲ ಅಲ್ಲಾಡಿಸಿತು.

"ಅವಸರ ಬ್ಯಾಡವಾ," ಎಂದು ಅಕ್ಬರಸಾಬ ಕಟ್ಟೆಯ ಮೇಲೆ ಕುಂತ. "ನೀರಡಿಕಿ ಆದ ಮ್ಯಾಲ ಅದ ಕುಡಿತೈತಿ. ನನಗೊಂದ ಕಪ್ ಚಾ ಕೊಡು."

ಯಲ್ಲವ್ವ ಚಹಾ ಕೊಟ್ಟಳು. ಒಳಗೊಳಗೇ ಬೆವತು ಹೋಗಿದ್ದಳು. ಅಯ್ಯೋ ನನ್ನ ಕೈಗೆ ಹಾವು ಕಚ್ಚಲಿ, ಆ ಬೆಲ್ಲದ ನೀರು ಕುಡಿಸು ಅಂತ ಯಾರು ಹೇಳಿದ್ದರು? ಇರಲಿ, ಒಂದು ಕೊಡದ ನೀರು ಎಷ್ಟು ಹೊತ್ತು ನಿಂತೀತು ಎಂದು ಧೈರ್ಯ ತಂದುಕೊಂಡಳು. ಹತ್ತು ಹೊಡೆಯಿತು. ಟಗರು ಬಕೀಟಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಉಪ್ಪಿಂದು ಏನರ ತಿನಸೂಣು," ಎಂದ ಶಟ್ಟೆಪ್ಪ. ಒಂದು ತಟ್ಟೆ ಅವಲಕ್ಕಿ ಚೂಡಾ ಬಂತು. ಟಗರು ತಿಂದಿತು. ಬಸ್‌ಸ್ಟ್ಯಾಂಡಿನಿಂದ ಬಿಸಿ ಬಿಸಿ ಮಿರ್ಚಿ ಭಜಿ ಬಂತು. ಅದನ್ನೂ ತಿಂದಿತು. ಕಟ್ಟೆಯ ಮೇಲಿದ್ದ ಅಕ್ಬರಸಾಬನ ಪಾಲಿನ ಭಜಿಯನ್ನೂ ಎಳೆದುಕೊಂಡು ತಿಂದು, ಡರ್‌ ಎಂದು ತೇಗಿತು. ನೀರು ಮಾತ್ರ ಒಲ್ಲೆ.

"ಇದಕ್ಕ ಮೈ ಕಾಯಬೇಕು. ಕೆರಿತನಾ ಓಡಿಸ್ಕೊಂಡ ಬರತೇನಿ," ಎಂದು ಶಟ್ಟೆಪ್ಪ ಹಗ್ಗ ಹಿಡಿದು ಹೊರಟ. ಆತ ಟಗರನ್ನು ಓಡಿಸಿದ್ದು ಓಣಿಯ ತಿರುವಿನವರೆಗೆ ಮಾತ್ರ. ಅಲ್ಲಿಂದ ಮುಂದೆ ಟಗರು ಶಟ್ಟೆಪ್ಪನನ್ನು ಓಡಿಸಿತು. ಅರ್ಧ ತಾಸು ಬಿಟ್ಟು ಇಬ್ಬರೂ ಬಂದರು. ಟಗರು ಮದುಮಗನ ಹಾಗೆ ಗತ್ತಿನಿಂದ ನಡೆದು ಬಂತು. ಶಟ್ಟೆಪ್ಪನ ಟೊಪ್ಪಿಗೆ ಇರಲಿಲ್ಲ, ಒಂದು ಚಪ್ಪಲಿ ಇರಲಿಲ್ಲ, ಉಸಿರಂತೂ ಇರಲೇ ಇಲ್ಲ. ಬಂದವನೇ ಟಗರಿನ ಬಕೀಟು ಎರಡೂ ಕೈಯಲ್ಲಿ ಎತ್ತಿ ಗಟಗಟ ಕುಡಿದುಬಿಟ್ಟ.

"ಏ ಶಟ್ಟೆಪ್ಪಾ," ಎಂದ ಅಕ್ಬರಸಾಬ, "ನೀ ಹಿಂಗ ಕುಡದ್ರ ಕಟ್ಟಳಿ ಪ್ರಕಾರ ನಿನ್ನನ್ನ ಕೊಯ್ಯಬೇಕಾಕ್ಕೈತಿ ನೋಡು!"

ಗೋಡೆಯಾಚೆಯಿಂದ ಕಿಸಕ್ಕನೆ ನಗು ಕೇಳಿಸಿತು. ಪಕ್ಕದ ಮನೆಯ ಅಂದಾನೆಪ್ಪ! ಕೊರಳಲ್ಲಿ ಲಿಂಗ ಕಟ್ಟಿದ ಮನುಷ್ಯ, ಉಳ್ಳಾಗಡ್ಡಿ ಕೂಡ ಲೆಕ್ಕ ಹಾಕಿ ತಿನ್ನುವವನು. ಈ ಮನೆಯಲ್ಲಿ ಖಂಡ ಬೇಯುವ ದಿನ ಕಿಟಕಿ ಮುಚ್ಚಿ ಹೊಲಕ್ಕೆ ಹೋಗುತ್ತಿದ್ದ. ಇವತ್ತು ನೋಡಿದರೆ ಮುಂಜಾನೆಯಿಂದ ಗೋಡೆಗೆ ಗದ್ದ ಹಚ್ಚಿ ನಿಂತಿದ್ದಾನೆ.

"ಕುಡಿವಲ್ದೇನ್ರಿ ಸಾಬ್ರ? ಪಾಪ, ಪಾಪ," ಎಂದ. ಮುಖದ ಮೇಲೆ ಮಾತ್ರ ಪಾಪದ ಗುರುತು ಒಂದೂ ಇರಲಿಲ್ಲ.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಹಾರ್ನ್ ಕೇಳಿತು. ಟಂಟಂ ಬಂದೇಬಿಟ್ಟವು. ಯಲ್ಲವ್ವನಿಗೆ ಜೀವ ಬಾಯಿಗೆ ಬಂತು. ಒಲೆಯ ಮೇಲೆ ಮಸಾಲೆ ಕೊತಕೊತ ಕುದಿಯುತ್ತಿದೆ, ಒಳಗೆ ಹಾಕಬೇಕಾದದ್ದು ಅಂಗಳದಲ್ಲಿ ನಿಂತು ಭಜಿಯ ಕಾಗದ ತಿನ್ನುತ್ತಿದೆ!

ಮೊದಲು ಇಳಿದವಳು ಲಗಮವ್ವ. ಎತ್ತರದ ಆಳು, ಅಗಲ ಮೈ, ರೂಪಾಯಿಯಗಲ ಕುಂಕುಮ. ಬಾಗಿಲಲ್ಲಿ ನಿಂತು ಮೂಗೆಳೆದಳು.

"ಮಸಾಲಿ ವಾಸನಿ ಬರಾಕತ್ತೈತಿ," ಎಂದಳು. "ಖಂಡದ್ದು ಬರವಲ್ದು."

ಅಕ್ಬರಸಾಬನೇ ಎದ್ದು, ಟವೆಲ್ಲಿನ ಗಂಟನ್ನು ಬಗಲಲ್ಲಿ ಒತ್ತಿಕೊಂಡು, ನಡೆದದ್ದನ್ನು ಒಂದೂ ಬಿಡದೆ ಹೇಳಿದ. ಲಗಮವ್ವ ಕೇಳಿದಳು. ಟಗರನ್ನು ನೋಡಿದಳು. ಅದರ ಹೊಟ್ಟೆಯನ್ನು ಬೆರಳಿನಿಂದ ತಟ್ಟಿದಳು. ತುಂಬಿದ ಕೊಡ ತಟ್ಟಿದಂತೆ ಸಪ್ಪಳ ಬಂತು.

"ಇದಕ್ಕ ಮುಂಜಾನೆ ಯಾರ ನೀರ ಕುಡಿಸೀರಿ?"

ಮುಗಿಯಿತು, ಮಗಳ ಬಾಳು ಇಲ್ಲಿಗೆ ಮುಗಿಯಿತು. ಆದರೆ ಸುಳ್ಳು ಹೇಳಲು ಯಲ್ಲವ್ವನಿಗೆ ನಾಲಿಗೆ ಬರಲಿಲ್ಲ.

"ನಾನ್ರಿ ಅಕ್ಕಾರ. ಒಂದ ಕೊಡ. ಮನಸ ತಡೀಲಿಲ್ಲರಿ. ತಪ್ಪಾತು."

"ಒಂದ ಕೊಡಕ್ಕ ಟಗರು ಇಷ್ಟು ತಡಿಯೂದಿಲ್ಲ. ಮತ್ತ ಯಾರು?"

ಶಟ್ಟೆಪ್ಪ ಕೆಮ್ಮಿದ. ಇಲ್ಲದ ಟೊಪ್ಪಿಗೆಯನ್ನು ಸರಿ ಮಾಡಿಕೊಂಡ. "ನಾನೂ ಒಂದ ಬಕೀಟ... ಆಕಿ ಮಸಾಲಿ ಅರಿಯಾಕ ಹ್ವಾದ ಮ್ಯಾಲ. ಹೆಗಲ ಮ್ಯಾಲ ಹೊತ್ತಕೊಂಡ ಬಂದಿದ್ನೆಲ್ರಿ."

ಯಲ್ಲವ್ವ ಗಂಡನನ್ನು ಕಣ್ಣು ಬಿಟ್ಟು ನೋಡಿದಳು. ಅಡುಗೆಮನೆಯ ಬಾಗಿಲ ಹಿಂದಿನಿಂದ ಶಿವಾನಿಯ ಸಣ್ಣ ದನಿ ಬಂತು. ಬೀಗರ ಊಟಕ್ಕೆಂದು ಮೂರು ದಿನ ಮೊದಲೇ ತವರಿಗೆ ಬಂದಿದ್ದಳು ಹುಡುಗಿ. "ನಾ ಮಜ್ಜಿಗಿ ಕುಡಿಸೀನ್ರಿ ಅತ್ತಿ. ಎರಡ ತಂಬಿಗಿ. ಉಪ್ಪ ಹಾಕಿ."

"ಮುಗೀತೋ ಇನ್ನೂ ಅದಾರೋ?"

ಗೋಡೆಯ ಮೇಲಿನ ಗದ್ದ ನಿಧಾನಕ್ಕೆ ಕೆಳಗಿಳಿಯತೊಡಗಿತು. ಲಗಮವ್ವ ಅದನ್ನು ಕಣ್ಣಲ್ಲೇ ಹಿಡಿದು ನಿಲ್ಲಿಸಿದಳು.

"ಒಂದ ಗಡಿಗಿ ಅಂಬಲಿ," ಎಂದ ಅಂದಾನೆಪ್ಪ. "ಇವರು ಕೊಯ್ಯೂದನ್ನ ಬ್ಯಾಡ ಅನ್ನಾಕ ನಾ ಯಾರ್ರೀ? ಹೊಟ್ಟಿ ತುಂಬಸಾಕರ ಬರತೈತೆಲ್ಲ, ಅಂತ..."

ಮೊದಲು ನಕ್ಕವನು ಅಕ್ಬರಸಾಬ. "ಯಾ ಅಲ್ಲಾ! ಇದು ಟಗರಲ್ಲೋ, ನವಿಲುತೀರ್ಥದ ಡ್ಯಾಮ್! ಗೇಟ್ ತಗಿಯೂತನಾ ಇದು ಎಲ್ಲಿ ಕುಡಿಬೇಕು!" ಎಂದು ಹೊಟ್ಟೆ ಹಿಡಿದುಕೊಂಡ. ಆ ಮಾತು ಟಗರಿಗೆ ಕೇಳಿಸಿತೋ ಏನೋ, ಗೇಟು ತೆರೆಯಿತು! ಅಬ್ಬಬ್ಬಾ, ಏನು ಹರಿವು ಅದು! ಹೂಲಿಯ ಮೂವತ್ತು ಮಂದಿ ಧೋತರ, ಸೀರೆ ಎತ್ತಿ ಹಿಡಿದು ಹಿಂದಕ್ಕೆ ಸರಿದರು. ಅಳಿಯ ಸಂಜು ಕಟ್ಟೆ ಹತ್ತಿ ನಿಂತ. ನಿಂತೀತು ಅಂದರೆ ನಿಲ್ಲದು, ಮುಗಿಯಿತು ಅಂದರೆ ಮುಗಿಯದು. ನಕ್ಕೂ ನಕ್ಕೂ ಅಕ್ಬರಸಾಬನ ಚಷ್ಮಾ ಒದ್ದೆಯಾಯಿತು. ಅದನ್ನು ತೆಗೆದು, ಎಲ್ಲರಿಗೂ ಬೆನ್ನು ಮಾಡಿ ನಿಂತು, ಅಂಗಿಯ ತುದಿಯಲ್ಲಿ ಒರೆಸತೊಡಗಿದ.

ಅದೇ ಹೊತ್ತಿಗೆ, ಹೊಟ್ಟೆ ಹಗುರಾದ ಟಗರು ನೆಟ್ಟಗೆ ಬಕೀಟಿನ ಕಡೆ ನಡೆಯಿತು. ಶಟ್ಟೆಪ್ಪ ಬರಿದು ಮಾಡಿದ ಮೇಲೆ ಶಿವಾನಿ ಮತ್ತೆ ತುಂಬಿಟ್ಟಿದ್ದ ಬಕೀಟು. ಬಾಯಿಟ್ಟಿತು. ಕುಡಿಯತೊಡಗಿತು.

ನಗು ಕತ್ತರಿಸಿದಂತೆ ನಿಂತಿತು. ಎಲ್ಲರೂ ನೋಡಿದರು, ಅಕ್ಬರಸಾಬನೊಬ್ಬನನ್ನು ಬಿಟ್ಟು. ಈಗ "ಕಾಕಾ, ತಿರುಗಿ ನೋಡ್ರಿ" ಎಂದು ಯಲ್ಲವ್ವ ಒಂದು ಮಾತು ಅಂದರೆ ಸಾಕು. ಊಟ ಆಗುತ್ತದೆ, ಮಾನ ಉಳಿಯುತ್ತದೆ, ಮಗಳಿಗೆ ಚುಚ್ಚುಮಾತು ತಪ್ಪುತ್ತದೆ. ಯಲ್ಲವ್ವ ಬಾಯಿ ತೆರೆದಳು. ದನಿ ಹೊರಡಲಿಲ್ಲ. ಕಣ್ಣಲ್ಲಿ ನೀರು ಮಾತ್ರ ಬಂತು. ದೇವರೇ, ಯಾರಾದರೂ ಅನ್ನಿರಿ, ಇಲ್ಲ, ಯಾರೂ ಅನ್ನಬೇಡಿರಿ!

"ಏನದು ಗಟಗಟ ಸಪ್ಪಳ?" ಎಂದ ಅಕ್ಬರಸಾಬ, ಬೆನ್ನು ತಿರುಗಿಸಿಕೊಂಡೇ.

ಲಗಮವ್ವ ಎರಡು ಹೆಜ್ಜೆ ಮುಂದೆ ಬಂದಳು. ಟಗರಿಗೂ ಸಾಬನಿಗೂ ನಡುವೆ ಗೋಡೆಯಂತೆ ನಿಂತಳು. ಸೆರಗನ್ನು ಅಗಲಕ್ಕೆ ಹರಡಿದಳು.

"ನಾನ್ರೀ ಸಾಬ್ರ," ಎಂದಳು. "ಹೂಲಿಯಿಂದ ಬಂದೇನಿ, ನೀರಡಿಕಿ ಆಗಿತ್ತು. ಕುಡಿಯಾಕತ್ತೇನಿ."

ಅಕ್ಬರಸಾಬನ ಹೆಗಲು ಅಲುಗಿದವು. ಚಷ್ಮಾ ಇನ್ನೂ ಒರೆಸುತ್ತಲೇ ಇದ್ದ. ಅಷ್ಟು ಒರೆಸಿದರೆ ಗಾಜು ಸವೆದು ಹೋಗಬೇಕು. "ಕುಡೀರಿ ತಾಯಿ, ಹೊಟ್ಟಿ ತುಂಬ ಕುಡೀರಿ. ನಾ ಅಂತೂ ಏನೂ ನೋಡಿಲ್ಲ."

ಲಗಮವ್ವನ ಹಿಂದಿನಿಂದ ಟಗರು ತಲೆಯೆತ್ತಿ "ಬ್ಯಾ" ಎಂದಿತು.

"ಬಿಕ್ಕಳಿಕಿ," ಎಂದಳು ಲಗಮವ್ವ.

ಆಮೇಲೆ ಮೂವತ್ತು ಮಂದಿಯನ್ನು ತಡೆಯುವವರು ಯಾರು! ಹೂಲಿಯವರು ಕಟಕೋಳದವರನ್ನು ಹಿಡಿದುಕೊಂಡು ನಕ್ಕರು, ಅಂದಾನೆಪ್ಪ ಗೋಡೆ ಹಿಡಿದುಕೊಂಡು ನಕ್ಕ. ಆದರೆ ನಕ್ಕರೆ ಹೊಟ್ಟೆ ತುಂಬುತ್ತದೆಯೇ? ಮಸಾಲೆ ಕುದಿಯುತ್ತಲೇ ಇತ್ತು. "ಕೋಳಿ ಸಿಗೂದಿಲ್ಲೇನು ನಿಮ್ಮೂರಾಗ?" ಎಂದು ಲಗಮವ್ವನೇ ಕೇಳಿದಳು. ಸಂಜು ಟಂಟಂ ತೆಗೆದುಕೊಂಡು ಹೋಗಿ ಹತ್ತು ಕೋಳಿ ತಂದ. ಮನೆಯ ಹಿಂದೆ ಮರೆಯಲ್ಲಿ ಕುಂತು ಅಕ್ಬರಸಾಬ ಒಂದೊಂದರ ಕೊಕ್ಕಿಗೂ ಚಮಚದಲ್ಲಿ ನೀರು ಹಿಡಿದ. ಎಲ್ಲವೂ ಮರುಮಾತಿಲ್ಲದೆ ಕುಡಿದವು. ಅವಕ್ಕೆ ಮುಂಜಾನೆ ಯಾರೂ ಬೆಲ್ಲದ ನೀರು ಕುಡಿಸಿರಲಿಲ್ಲ.

"ಇವೂ ಜೀವ ಅದಾವು ನೋಡವಾ," ಎಂದ ಆತ, ಮೆಲ್ಲಗೆ.

"ಗೊತ್ತೈತಿ ಕಾಕಾ," ಎಂದಳು ಯಲ್ಲವ್ವ. ಗೊತ್ತಿದ್ದೇ ಪಾತೇಲಿ ತೊಳೆದು ಮುಂದಿಟ್ಟಳು. ಮನುಷ್ಯರ ಕರುಣೆ ಅಂದರೆ ಇಷ್ಟೇ ನೋಡಿ, ಮೊಣಕಾಲಿಗೆ ಹಣೆ ತಿಕ್ಕಿದವರತನಕ ಅದರ ದಾರಿ.

ಮೂರು ಗಂಟೆಗೆ ಪಂಗತಿ ಎದ್ದಿತು. ಲಗಮವ್ವ ನಾಲ್ಕು ರೊಟ್ಟಿ ಉಂಡು, ಎಲುಬನ್ನು ಯಲ್ಲವ್ವನಿಗಿಂತ ಚೆನ್ನಾಗಿ ಚೀಪಿ, ಕೈ ತೊಳೆದುಕೊಂಡು ಹೇಳಿದಳು: "ಖಾರ ಕಡಿಮಿ ಆಗೇತಿ."

ಯಲ್ಲವ್ವನಿಗೆ ನಗು ತಡೆಯಲಾಗಲಿಲ್ಲ. ಬೀಗತಿಯ ಎದುರಿಗೇ ನಕ್ಕುಬಿಟ್ಟಳು.

ಹೊರಡುವ ಹೊತ್ತಿಗೆ ಉಡಿ ತುಂಬಿಸಿಕೊಂಡ ಲಗಮವ್ವ, ಶಿವಾನಿಯನ್ನು ಟಂಟಂನಲ್ಲಿ ಕಿಟಕಿಯ ಕಡೆ ಕುಂದರಿಸಿ, ತಿರುಗಿ ಯಲ್ಲವ್ವನ ಹತ್ತಿರ ಬಂದಳು. ಯಾರಾದರೂ ಕೇಳುತ್ತಾರೇನೋ ಎಂದು ಆ ಕಡೆ ಈ ಕಡೆ ನೋಡಿದಳು.

"ನಮ್ಮ ಹಿತ್ತಲದಾಗೂ ಒಂದೈತಿ," ಎಂದಳು ಕಿವಿಯಲ್ಲಿ. "ಮನಿ ಶಾಂತಿ ಊಟಕ್ಕಂತ ತಂದಿದ್ದ ಹೋತ. ಏಳ ವರ್ಷ ಆತು. ಅದಕ್ಕ ಇನ್ನೂ ನೀರಡಿಕಿ ಆಗಿಲ್ಲ."

ಟಂಟಂ ಹೊರಟಿತು. ಮಗಳನ್ನು ಕಳಿಸುವಾಗ ಅಳಬೇಕು ಎಂಬುದೂ ನೆನಪಾಗದೆ, ಯಲ್ಲವ್ವ ಓಣಿಯಲ್ಲಿ ನಿಂತು ಎರಡೂ ಕೈ ಎತ್ತಿ ಬೀಸುತ್ತಿದ್ದಳು. ಎದೆಯ ಮೇಲಿನ ಕಲ್ಲು ಯಾವಾಗ ಇಳಿಯಿತೋ ಆಕೆಗೇ ತಿಳಿಯಲಿಲ್ಲ. ಹಿಂದಿನಿಂದ ಯಾರೋ ಮೊಣಕಾಲಿಗೆ ಹಣೆ ತಿಕ್ಕಿದರು.

"ಬಂದ್ಯಾ ನಮ್ಮಪ್ಪಾ," ಎಂದಳು. "ನಡಿ, ನೀರ ಕುಡೀವಂತಿ."